ಪ್ಯೂಮಾ ತೆಗೆದರೆ ಬಿಗ್‌ಹಾರ್ನ್ ಕುರಿಗಳು ಕೆಳಗಿಳಿಯುತ್ತವೆಯೇ?

ಪ್ರಶ್ನೆ:
ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಬಿಗ್‌ಹಾರ್ನ್ ಕಾಡುಕುರಿಗಳನ್ನು ಉಳಿಸೋಕೆ ಅವನ್ನು ಬೇಟೆಯಾಡೋ ಕೆಲವು ಪ್ಯೂಮಾಗಳನ್ನೇ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ) ಕೊಂದಿದ್ದಾರಂತೆ. ಎಷ್ಟು ಕುರಿ ಬದುಕಿದವು ಅನ್ನೋದಷ್ಟೇ ಲೆಕ್ಕವಾ, ಅವು ಮೇಯೋ ಜಾಗವೂ ಬದಲಾಗುತ್ತಾ?

ಉತ್ತರ 1:
ನನ್ನ ಮಟ್ಟಿಗೆ ಜಾಗದ್ದೇ ದೊಡ್ಡ ವಿಷಯ. ಚಳಿಗಾಲದಲ್ಲಿ ಈ ಕುರಿಗಳು ಪೂರ್ವದ ಇಳಿಜಾರಿನ ತಪ್ಪಲಿಗೆ ಬರಬೇಕು. ಅಲ್ಲಿ ಹಿಮ ಕಡಿಮೆ, ಹುಲ್ಲು ಬೇಗ ಚಿಗುರುತ್ತೆ, ಗಬ್ಬದ ಕುರಿಗೆ ಅದೇ ಆಸರೆ. ಆದರೆ ಅದೇ ತಪ್ಪಲಿಗೆ ಮ್ಯೂಲ್ ಜಿಂಕೆಗಳೂ ಇಳೀತವೆ, ಅವುಗಳ ಬೆನ್ನಿಗೆ ಪ್ಯೂಮಾ. 1980ರ ದಶಕದಲ್ಲಿ ಹಲವು ಹಿಂಡುಗಳು ತಪ್ಪಲನ್ನೇ ಬಿಟ್ಟು ಚಳಿಗಾಲವಿಡೀ ಶಿಖರಗಳಲ್ಲೇ ಉಳಿಯತೊಡಗಿದವು. ಪ್ಯೂಮಾದ ಭಯವೇ ಕಾರಣ ಅನ್ನೋದು ಸಂಶೋಧಕರು ಮುಂದಿಟ್ಟ ವಾದ. ಮೇಲೆ ಉಳಿದರೆ ಪ್ಯೂಮಾ ಸಿಗಲ್ಲ ನಿಜ, ಆದರೆ ಹಸಿವು ಇದೆ, ಹಿಮಕುಸಿತ ಇದೆ. ಇಂಥ ಸಾವು ಯಾವ ಪ್ಯೂಮಾದ ಲೆಕ್ಕಕ್ಕೂ ಬರಲ್ಲ. ಇದು ನನ್ನನ್ನು ತುಂಬಾ ಕಾಡುತ್ತೆ.

ಉತ್ತರ 2:
ಕಾನೂನಿನ ಹಿನ್ನೆಲೆಯನ್ನೂ ಸೇರಿಸ್ತೀನಿ. 1990ರ ಜನಮತದಿಂದ ಅಲ್ಲಿ ಪ್ಯೂಮಾಗೆ ವಿಶೇಷ ರಕ್ಷಣೆ ಸಿಕ್ತು. ಕುರಿಗಳು ನೂರರ ಆಸುಪಾಸಿಗೆ ಇಳಿದ ಮೇಲೆ, 1999ರಲ್ಲಿ ಅವುಗಳಿಗೆ ಅಪಾಯವಾದ ಪ್ಯೂಮಾ ತೆಗೆಯೋಕೆ ಆಗೋ ಹಾಗೆ ಆ ಕಾಯ್ದೆ ತಿದ್ದಿದರು. ಆಮೇಲೆ ಸಂಖ್ಯೆ 600ರವರೆಗೂ ಏರಿತ್ತು. 2022–23ರ ಭಾರೀ ಹಿಮದ ಚಳಿಗಾಲ ಮತ್ತೆ ಬಹಳಷ್ಟು ಕುರಿಗಳನ್ನು ಕೊಂದಿತು.

ಪ್ರಶ್ನೆ ಕೇಳಿದವರು:
ಹಾಗಾದ್ರೆ ಪ್ಯೂಮಾ ಹೋದ ಕೂಡಲೇ ಕುರಿ ವಾಪಸ್ ಇಳಿಯುತ್ತಾ?

ಉತ್ತರ 1:
ಇಳಿದೇ ಇಳಿಯುತ್ತೆ ಅನ್ನೋಕಾಗಲ್ಲ. ಬಿಗ್‌ಹಾರ್ನ್ ಮರಿ ದಾರಿ ಕಲಿಯೋದು ಹಿರಿಯ ಕುರಿಗಳ ಹಿಂದೆ ನಡೆದು. ಹೊಸ ನೆಲಕ್ಕೆ ತಂದುಬಿಟ್ಟ ಹಿಂಡುಗಳಿಗೆ ಋತುವಲಸೆ ಕಲಿಯೋಕೆ ದಶಕಗಳೇ ಹಿಡಿದದ್ದು ಅಮೆರಿಕದಲ್ಲೇ ದಾಖಲಾಗಿದೆ. ತಪ್ಪಲಿನ ದಾರಿ ಗೊತ್ತಿದ್ದ ಹೆಣ್ಣುಗಳು ಸತ್ತರೆ ಹುಲ್ಲಿದ್ದೂ ಇಲ್ಲದಂತೆ. ಅದಕ್ಕೇ ಸಿಕ್ಕ ಪ್ಯೂಮಾನೆಲ್ಲ ಕೊಲ್ಲೋದಕ್ಕೆ ನಾನು ವಿರೋಧಿ. ಸಣ್ಣ ಹಿಂಡಿನ ಮೇಲೆ ಪದೇ ಪದೇ ಬೀಳೋದು ಸಾಮಾನ್ಯವಾಗಿ ಒಂದೆರಡು ಪ್ಯೂಮಾಗಳೇ. ರೇಡಿಯೋ ಕಾಲರ್ ಹಾಕಿ ಅವನ್ನು ಗುರುತಿಸಬೇಕು, ಆದಷ್ಟೂ ಸ್ಥಳಾಂತರಿಸಬೇಕು, ಅದೂ ಕುರಿಗಳು ಇಳಿಯೋ ಕಾಲಕ್ಕೆ ಮುಂಚೆ. ಮತ್ತೆ ಬರೀ ತಲೆ ಎಣಿಸಿದರೆ ಸಾಲದು, ಫೆಬ್ರವರಿಯಲ್ಲಿ ಹೆಣ್ಣುಕುರಿಗಳು ಎಷ್ಟು ಎತ್ತರದಲ್ಲಿವೆ ಅಂತಾನೂ ನೋಡಬೇಕು.