ನಂದಿ ಏರಿನಲ್ಲಿ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗಲೇ ಇಲ್ಲ, ಎಂಜಿನ್ ಹೋಯ್ತಾ?

ದ್ರಾಕ್ಷಿತೋಟ ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, 2 ಲೀಟರ್ ಟರ್ಬೊ ಪೆಟ್ರೋಲ್, ಮ್ಯಾನುಯಲ್ ಗೇರ್. ಸೆಕೆಂಡ್ ಹ್ಯಾಂಡ್, 78,000 ಕಿ.ಮೀ. ಓಡಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಹೇಳಿದರೆ ಅರ್ಧ ಜನ ಬೈಯಲು ಶುರು ಮಾಡುತ್ತೀರಿ, ಇನ್ನರ್ಧ ಜನ ಅವರ ಜೊತೆ ಜಗಳಕ್ಕೆ ನಿಲ್ಲುತ್ತೀರಿ.

ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೊರಟಿದ್ದೆವು. ಏರಿನಲ್ಲೇ ರಸ್ತೆ ಪಕ್ಕ ನಿಲ್ಲಿಸಿ, ಅರ್ಧ ಗಂಟೆ ಫೋಟೊ ತೆಗೆದು, ವಾಪಸ್ ಬಂದು ಸ್ಟಾರ್ಟ್ ಮಾಡಿದರೆ ಕಟಕಟ ಅಂದು ಒಂದೆರಡು ಸೆಕೆಂಡ್ ನಡುಗಿ ನಿಂತೇಹೋಯಿತು. ಆಮೇಲೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ತಿರುಗುವ ಸದ್ದೂ ಬೇರೆ. ಮೊದಲು ಗುಂಯ್ ಗುಂಯ್ ಅಂತ ತಡೆದು ತಡೆದು ಬರುತ್ತಿತ್ತು. ಈಗ ಖಾಲಿ ಮಿಕ್ಸಿ ತರಹ ಒಂದೇ ಸಮ ಸುಯ್ಯ್ ಅನ್ನುತ್ತದೆ. ಪೆಟ್ರೋಲ್ ಇದೆ, ಬ್ಯಾಟರಿ ಹೊಸದು, ಆಯಿಲ್ ಮಟ್ಟ ಸರಿ ಇದೆ.

ಫ್ಲಾಟ್‌ಬೆಡ್ ಮೇಲೆ ಊರಿಗೆ ತಂದೆವು. ಸ್ಕ್ಯಾನರ್ ಹಾಕಿದರೆ ಪಿ0016 ಅನ್ನುವ ದೋಷದ ಕೋಡ್ ಬಂತು. ಒಬ್ಬ ಮೆಕ್ಯಾನಿಕ್ ಎಂಜಿನ್ ಸೀಜ್ ಆಗಿದೆ, ಒಳಗೆ ಕಚ್ಚಿಕೊಂಡು ನಿಂತಿದೆ, ಬೇರೆ ಎಂಜಿನ್ ಕೂರಿಸಬೇಕು, ಆರೂವರೆ ಲಕ್ಷ ಅಂದರು. ಇನ್ನೊಬ್ಬರು ಸೆನ್ಸರ್ ಬದಲಾಯಿಸಿ ನೋಡೋಣ, ಎಂಟು ಸಾವಿರ ಅಂದರು. ಯಾರನ್ನು ನಂಬಲಿ? ಅಪ್ಪ ಅಂತೂ ಆ ದುಡ್ಡಿಗೆ ಒಂದು ಟ್ರ್ಯಾಕ್ಟರ್ ಬರುತ್ತಿತ್ತು ಅಂತ ಮೂರು ದಿನದಿಂದ ಹೇಳುತ್ತಿದ್ದಾರೆ.

ಹದಿನೇಳರ ಸ್ಪ್ಯಾನರ್

ಗುರು, ಮೊದಲು ಕೀ ತೆಗೆದು ಮನೆಯಲ್ಲಿಡಿ. ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತ ಯಾರು ಅಂದರೂ ಕೊಡಬೇಡಿ.

ಸೀಜ್ ಆಗಿದ್ದರೆ ಸ್ಟಾರ್ಟರ್ ಟಕ್ ಅಂದು ನಿಲ್ಲುತ್ತಿತ್ತು, ತಿರುಗುತ್ತಲೇ ಇರಲಿಲ್ಲ. ಆ ಮಾತು ಬಿಡಿ. ಬರೀ ಸೆನ್ಸರ್ ಹೋಗಿದ್ದರೆ ತಿರುಗುವ ಸದ್ದು ಮೊದಲಿನ ಹಾಗೇ ಇರಬೇಕಿತ್ತು, ಯಾಕೆಂದರೆ ಆ ಗುಂಯ್ ಗುಂಯ್ ಬರುವುದು ಪಿಸ್ಟನ್ ಗಾಳಿಯನ್ನು ಒತ್ತುವುದರಿಂದ. ಮಿಕ್ಸಿ ಸದ್ದು ಅಂದರೆ ಕಂಪ್ರೆಷನ್ ಇಲ್ಲ. ಪಿ0016 ಹೇಳುವುದು ಪಿಸ್ಟನ್‌ಗಳಿಗೆ ಕೂಡಿದ ಕ್ರ್ಯಾಂಕ್‌ಗೂ, ಗಾಳಿಯ ಬಾಗಿಲುಗಳಾದ ವಾಲ್ವ್ ತೆರೆಯುವ ಕ್ಯಾಮ್‌ಗೂ ತಾಳ ತಪ್ಪಿದೆ ಅಂತ. ಸದ್ದು, ಕೋಡ್ ಎರಡನ್ನೂ ಸೇರಿಸಿದರೆ ಕ್ರ್ಯಾಂಕ್‌ಗೂ ಕ್ಯಾಮ್‌ಗೂ ಕೊಂಡಿಯಾದ ಟೈಮಿಂಗ್ ಚೈನ್ ಹಲ್ಲು ಹಾರಿದೆ ಅನ್ನಿಸುತ್ತದೆ. ಇಂಥ ಎಂಜಿನ್‌ಗಳಲ್ಲಿ ಹೆಚ್ಚಿನವುಗಳಲ್ಲಿ ವಾಲ್ವ್ ಇಳಿಯುವ ಜಾಗಕ್ಕೇ ಪಿಸ್ಟನ್ ಏರಿ ಬರುತ್ತದೆ. ತಾಳ ತಪ್ಪಿದರೆ ಎರಡೂ ಗುದ್ದಾಡುತ್ತವೆ.

ಎರಡು ಪ್ರಶ್ನೆ. ಬೆಳಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮುಂಚೆ ಕರಕರ ಸದ್ದು ಬರುತ್ತಿತ್ತಾ? ಏರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದಿರಾ?

ದ್ರಾಕ್ಷಿತೋಟ ಚಿಕ್ಕಬಳ್ಳಾಪುರ

ಹೌದಣ್ಣ, ಎರಡು ತಿಂಗಳಿಂದ ಎರಡು ಸೆಕೆಂಡ್ ಕರಕರ ಅನ್ನುತ್ತಿತ್ತು. ಆಯಿಲ್ ಬದಲಾಯಿಸಿದರೆ ಹೋಗುತ್ತದೆ ಅಂದಿದ್ದರು. ಹ್ಯಾಂಡ್‌ಬ್ರೇಕ್ ಸ್ವಲ್ಪ ಸಡಿಲ, ಅದಕ್ಕೆ ಫಸ್ಟ್ ಗೇರ್‌ನಲ್ಲೇ ಬಿಟ್ಟಿದ್ದೆ. ಇಳಿದಾಗ ಒಂದು ಗೇಣು ಹಿಂದಕ್ಕೆ ಜಾರಿ ನಿಂತಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೋಲಾರದವನು

ಗೇರ್‌ನಲ್ಲಿ ನಿಲ್ಲಿಸಿದ್ದಕ್ಕೆಲ್ಲ ಎಂಜಿನ್ ಹೋಗಲ್ಲ ಸ್ವಾಮಿ, ಸುಮ್ನೆ ಹೆದರಿಸಬೇಡಿ. ನಾನು ಇಪ್ಪತ್ತು ವರ್ಷದಿಂದ ಹಾಗೇ ನಿಲ್ಲಿಸುತ್ತಿದ್ದೇನೆ.

ಹದಿನೇಳರ ಸ್ಪ್ಯಾನರ್

ಕೋಲಾರದಣ್ಣ, ಟೆನ್ಷನರ್ ಸರಿ ಇದ್ದರೆ ನಿಮ್ಮ ಮಾತು ಪೂರ್ತಿ ಸರಿ. ಇಲ್ಲಿ ಅದು ಸರಿ ಇರಲಿಲ್ಲ ಅಂತ ಆ ಕರಕರ ಹೇಳುತ್ತಿದೆ.

ಚೈನ್ ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಎಂಜಿನ್ ನಿಂತಾಗ ಒತ್ತಡ ಇಳಿದುಹೋಗುತ್ತದೆ, ಆಗ ಅದು ಹಿಂದೆ ಸರಿಯದಂತೆ ತಡೆಯುವುದು ಒಂದು ಸಣ್ಣ ಹಲ್ಲಿನ ಕೊಂಡಿ. ಅದು ಸವೆದರೆ ಒತ್ತಡ ಬರುವವರೆಗೂ ಚೈನ್ ಜೋತಾಡುತ್ತದೆ, ಕರಕರ ಅದೇ. ಇನ್ನು ಮೂತಿ ಮೇಲಾಗಿ ಫಸ್ಟ್ ಗೇರ್‌ನಲ್ಲಿರುವ ಕಾರು ಹಿಂದಕ್ಕೆ ಜಾರಿದರೆ ಎಂಜಿನ್ ಉಲ್ಟಾ ತಿರುಗುತ್ತದೆ. ಸಡಿಲ ಚೈನಿನ ಸೈಕಲ್‌ನಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಏನಾಗುತ್ತದೆ? ಅದೇ ಆಗಿದೆ.

ಈಗ ಹೀಗೆ ಮಾಡಿಸಿ. ಪ್ಲಗ್ ಬಿಚ್ಚಿ, ಮೊಬೈಲ್‌ಗೆ ಹಾಕುವ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ನೋಡಿ. ವಾಲ್ವ್ ತಾಗಿದ್ದರೆ ಉಗುರಿನಲ್ಲಿ ಒತ್ತಿದಂಥ ಅರ್ಧಚಂದ್ರದ ಗುರುತು ಕಾಣುತ್ತದೆ. ಮೇಲಿನ ಕವರ್ ತೆಗೆದು ಟೈಮಿಂಗ್ ಗುರುತು ನೋಡಿ, ಹಲ್ಲು ಹಾರಿದ್ದು ಖಚಿತವಾದರೆ ಕ್ಯಾಮ್ ಬಿಚ್ಚಿಡಿ, ಆಗ ವಾಲ್ವ್ ಎಲ್ಲ ಮುಚ್ಚಿಕೊಂಡಿರಬೇಕು. ಕ್ರ್ಯಾಂಕ್ ತಿರುಗದಂತೆ ಹಿಡಿದು ಒಂದೊಂದೇ ಪ್ಲಗ್ ತೂತಿಗೆ ಕಂಪ್ರೆಸರ್ ಗಾಳಿ ಬಿಟ್ಟು ಕಿವಿ ಕೊಡಿ. ಗಾಳಿ ಒಳಬರುವ ದಾರಿಯಲ್ಲಿ ಬುಸ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಕಡೆಯಾದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಿಂದ ಜೋರಾಗಿ ಬಂದರೆ ಮಾತ್ರ ಪಿಸ್ಟನ್ ರಿಂಗ್ ಕಡೆ ಯೋಚನೆ ಮಾಡಬೇಕು. ಇಷ್ಟಾಗುವ ಮುಂಚೆ ಹೊಸ ಎಂಜಿನ್ ಮಾತೇ ಬೇಡ.

ದ್ರಾಕ್ಷಿತೋಟ ಚಿಕ್ಕಬಳ್ಳಾಪುರ

ತಡವಾಯಿತು, ತೋಟದಲ್ಲಿ ಕಟಾವು ಇತ್ತು.

ನಾಲ್ಕರಲ್ಲಿ ಮೂರು ಪಿಸ್ಟನ್ ಮೇಲೆ ಅರ್ಧಚಂದ್ರ ಇತ್ತು. ಗಾಳಿ ಬಿಟ್ಟಾಗ ಮೂರರಲ್ಲೂ ಇನ್‌ಟೇಕ್ ಕಡೆಯಿಂದಲೇ ಬುಸ್. ಎಂಜಿನ್‌ನ ಮೇಲ್ಭಾಗ, ಅಂದರೆ ವಾಲ್ವ್ ಇರುವ ಹೆಡ್ ಇಳಿಸಿದೆವು. ಎಂಟು ಇನ್‌ಟೇಕ್ ವಾಲ್ವ್‌ಗಳಲ್ಲಿ ಆರು ಬಗ್ಗಿದ್ದವು, ಎಕ್ಸಾಸ್ಟ್ ಎಂಟೂ ಚೆನ್ನಾಗಿದ್ದವು. ಪಿಸ್ಟನ್ ಗುರುತು ಬೆರಳಿಗೆ ಸಿಗುವಷ್ಟೂ ಆಳವಿರಲಿಲ್ಲ, ಹಾಗೇ ಬಿಟ್ಟೆವು. ಟೆನ್ಷನರ್ ಕೈಗೆ ಕೊಟ್ಟರು, ಹೆಬ್ಬೆರಳಿನಲ್ಲಿ ಒತ್ತಿದರೆ ಪೆನ್ ಒತ್ತಿದಷ್ಟು ಸಲೀಸಾಗಿ ಒಳಗೆ ಹೋಯಿತು! ಕೊಂಡಿಯ ಹಲ್ಲು ಪೂರ್ತಿ ಬೋಳು.

ಎಂಟು ಇನ್‌ಟೇಕ್ ವಾಲ್ವ್, ವಾಲ್ವ್ ಸೀಲ್, ಚೈನ್, ಟೆನ್ಷನರ್, ಗೈಡ್, ಹೆಡ್ ಗ್ಯಾಸ್ಕೆಟ್, ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದೆ. ಹೆಡ್ ಬೋಲ್ಟ್ ಹಳೆಯದೇ ಸಾಕು ಅಂದರು. ನಾನು ಒಪ್ಪಲಿಲ್ಲ, ಒಂದು ಸಲ ಬಿಗಿ ಮಾಡಿದರೆ ಎಳೆದುಕೊಂಡು ಉದ್ದವಾಗುವ ಜಾತಿ ಅದು, ಹೊಸದೇ ಹಾಕಿಸಿದೆ. ಹೆಡ್ ಸೊಟ್ಟ ಆಗಿಲ್ಲ ಅಂತ ಲೇತ್‌ನವರು ಪಟ್ಟಿ ಇಟ್ಟು ತೋರಿಸಿದರು. ಕೂಲಿ ಸೇರಿ 1,62,000 ರೂಪಾಯಿ.

ಮುಚ್ಚುವ ಮುಂಚೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದಾ ಅಂತ ನೋಡಿದೆವು. ನಿನ್ನೆ ಸ್ಟಾರ್ಟ್ ಆಯಿತು, ಕರಕರ ಇಲ್ಲ.

ಕೋಲಾರದವನು

ಒಪ್ಪಿದೆ. ನನ್ನ ಕಾರೂ ಬೆಳಗ್ಗೆ ಸ್ವಲ್ಪ ಕರಕರ ಅನ್ನುತ್ತೆ, ಈಗ ಭಯ ಶುರುವಾಯಿತು. ಆ ಹ್ಯಾಂಡ್‌ಬ್ರೇಕ್ ಸರಿ ಮಾಡಿಸಿದಿರಾ?

ದ್ರಾಕ್ಷಿತೋಟ ಚಿಕ್ಕಬಳ್ಳಾಪುರ

ಕೇಬಲ್ ಬಿಗಿ ಮಾಡಿಸಿದೆ. ಆದರೂ ಡಿಕ್ಕಿಯಲ್ಲಿ ಲಾರಿಯವರ ಹಾಗೆ ಚಕ್ರಕ್ಕೆ ಕೊಡಲು ಒಂದು ಕಲ್ಲು ಇಟ್ಟುಕೊಂಡಿದ್ದೇನೆ. ತಂದು ಹಾಕಿದ್ದು ಅಪ್ಪನೇ.