ಎರಡು ಊರಲ್ಲಿ ಸರ್ವರ್: ತಾನಾಗಿ ಬದಲಾಗಬೇಕಾ, ನಾವೇ ಬದಲಾಯಿಸಬೇಕಾ?

ಕೇಳಿದವರು: ಸಹಕಾರಿ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುವ ಸಣ್ಣ ತಂಡ ನಮ್ಮದು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೆಂಗಳೂರಿನ ಡೇಟಾ ಸೆಂಟರಿನಲ್ಲಿದೆ. ಇನ್ನೊಂದು ಸರ್ವರನ್ನು ಹುಬ್ಬಳ್ಳಿ ಆಫೀಸಿನಲ್ಲಿ ಇಡುವ ಯೋಚನೆ ಇದೆ. ಬೆಂಗಳೂರಿನದು ಬಿದ್ದರೆ ಹುಬ್ಬಳ್ಳಿಯದು ತಾನಾಗಿ ಕೆಲಸ ಹಿಡಿಯಬೇಕು. ಮಾಡಿದವರು ಅನುಭವ ಹೇಳಿ.

ಮೊದಲನೆಯವರು: ಸ್ಟ್ರೀಮಿಂಗ್ ರೆಪ್ಲಿಕೇಶನ್ (ಒಂದು ಸರ್ವರಿನ ಬದಲಾವಣೆಗಳು ಇನ್ನೊಂದಕ್ಕೆ ನಕಲಾಗುತ್ತಾ ಹೋಗುವುದು) ಹಾಕುವುದು ದೊಡ್ಡ ಕೆಲಸ ಅಲ್ಲ ಸರ್. ಎರಡೇ ಜಾಗ ಇಟ್ಟುಕೊಂಡು ತೀರ್ಮಾನವನ್ನು ಮಷಿನ್‌ಗೆ ಬಿಡುವುದೇ ಅಪಾಯ. ಬೆಂಗಳೂರು ನಿಜವಾಗಿ ಬಿತ್ತಾ, ಅಥವಾ ನಡುವಿನ ಲಿಂಕ್ ಕಟ್ ಆಯಿತಾ? ಹುಬ್ಬಳ್ಳಿಯಲ್ಲಿ ಕೂತ ಸರ್ವರ್‌ಗೆ ಎರಡೂ ಒಂದೇ ಥರ ಕಾಣುತ್ತದೆ. ಲಿಂಕ್ ಮಾತ್ರ ಹೋಗಿದ್ದರೆ ಎರಡೂ ಕಡೆ 'ನಾನೇ ಯಜಮಾನ' ಅಂತ ಎಂಟ್ರಿ ತಗೊಳ್ಳುತ್ತವೆ. ಒಂದೇ ರಸೀದಿ ನಂಬರ್ ಇಬ್ಬರಿಗೆ ಹೋಗುತ್ತದೆ. ಇದೇ ಸ್ಪ್ಲಿಟ್ ಬ್ರೇನ್. ಆಮೇಲೆ ಕೂಡಿಸುವುದು ಕೈಯಿಂದಲೇ, ಸಾಲು ಸಾಲು ನೋಡಿಕೊಂಡು.

ಹಾಗಾಗಿ ಮೂರನೇ ವೋಟು ಬೇಕು. ಪ್ಯಾಟ್ರೋನಿ (ಯಜಮಾನನನ್ನು ಬದಲಿಸುವ ಸಾಫ್ಟ್‌ವೇರ್) ಜೊತೆ ಇಟಿಸಿಡಿ (ಯಾರು ಯಜಮಾನ ಅಂತ ವೋಟಿನ ಮೇಲೆ ದಾಖಲಿಡುವ ಸಾಫ್ಟ್‌ವೇರ್) ಹಾಕಿ, ಇಟಿಸಿಡಿಯ ಮೂರನೇ ನೋಡ್ ಬೇರೆ ಊರಿನ ಸಣ್ಣ ವರ್ಚುವಲ್ ಮಷಿನ್‌ನಲ್ಲಿರಲಿ. ಅಲ್ಲಿ ಡೇಟಾ ಇರಬೇಕಾಗಿಲ್ಲ. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಬದಲಾವಣೆ. ಒಂಟಿಯಾದ ಹಳೆಯ ಯಜಮಾನನೂ ತಾನಾಗಿ ಕೆಳಗಿಳಿಯುತ್ತಾನೆ. ದಯವಿಟ್ಟು ಮೂರನೆಯದನ್ನೂ ಬೆಂಗಳೂರಿನ ಅದೇ ಡೇಟಾ ಸೆಂಟರಿನಲ್ಲಿ ಇಡಬೇಡಿ. ಅದು ಬಿದ್ದ ದಿನ ಎರಡು ವೋಟು ಒಟ್ಟಿಗೆ ಹೋಗುತ್ತವೆ.

ಎರಡನೆಯವರು: ವೋಟು ಸರಿಯಾಗಿದ್ದರೂ ಒಂದು ಮಾತು. 2018ರ ಅಕ್ಟೋಬರಿನಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಆಗಿದ್ದು ಓದಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಲಿಂಕ್ ಹೋಗಿದ್ದು 43 ಸೆಕೆಂಡ್. ಅಷ್ಟರಲ್ಲಿ ಅವರ ಮೈಎಸ್‌ಕ್ಯೂಎಲ್ ಡೇಟಾಬೇಸ್ ವ್ಯವಸ್ಥೆ ಪಶ್ಚಿಮ ಕರಾವಳಿಯ ಸರ್ವರನ್ನು ಯಜಮಾನ ಮಾಡಿಬಿಟ್ಟಿತು. ಪೂರ್ವದಲ್ಲಿ ಬರೆದಿದ್ದ ಕೊನೆಯ ಕೆಲವು ಸಾಲುಗಳು ಅಲ್ಲಿಗೆ ತಲುಪಿರಲಿಲ್ಲ. ಎಲ್ಲ ಸರಿಹೋಗಲು 24 ಗಂಟೆ ದಾಟಿತು. ಅಷ್ಟು ದೊಡ್ಡ ತಂಡಕ್ಕೇ ಹಾಗಾದರೆ, ನಮಗೆ ರಾತ್ರಿ ಎರಡು ಗಂಟೆಗೆ ಯಾರು ಏಳುತ್ತಾರೆ ಹೇಳಿ! ನಾವು ಎರಡನೇ ಸರ್ವರನ್ನು ಯಜಮಾನ ಮಾಡುವ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೇವೆ, ಅಷ್ಟೇ. ಅಲರ್ಟ್ ಬಂದರೆ ಡೇಟಾ ಸೆಂಟರಿಗೆ ಫೋನ್ ಮಾಡಿ ವಿಚಾರಿಸಿ, ಹಳೆಯದು ನಿಂತಿದೆ ಅಂತ ಖಾತ್ರಿಯಾದ ಮೇಲೆ ಮನುಷ್ಯರೇ ಆ ಸ್ಕ್ರಿಪ್ಟ್ ಓಡಿಸುತ್ತೇವೆ.

ಕೇಳಿದವರು: ನಮಗೆ ಅರ್ಧ ಗಂಟೆ ನಿಂತರೂ ನಡೆಯುತ್ತದೆ. ಆದರೆ ಒಂದು ಎಂಟ್ರಿಯೂ ಕಳೆಯಬಾರದು.

ಎರಡನೆಯವರು: ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ! ಹಾಗಾದರೆ ಬೇಕಿರುವುದು ಆಟೋ ಫೇಲ್‌ಓವರ್ (ತಾನಾಗಿ ಬದಲಾಗುವುದು) ಅಲ್ಲ, ಸಿಂಕ್ರೊನಸ್ ರೆಪ್ಲಿಕೇಶನ್. ಇನ್ನೊಂದು ಕಡೆ ಬರೆದು ಆಗುವವರೆಗೆ ಕಮಿಟ್ (ಎಂಟ್ರಿ ಖಾಯಂ ಆಗುವುದು) ಮುಗಿಯುವುದಿಲ್ಲ. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ನಾನೂರು ಕಿಲೋಮೀಟರ್ ಹೋಗಿಬರಲು 4 ಮಿಲಿಸೆಕೆಂಡ್, ರೂಟರುಗಳ ಸುತ್ತು ಸೇರಿದರೆ ಇನ್ನೂ ಜಾಸ್ತಿ. ಲೆಕ್ಕದ ಸಾಫ್ಟ್‌ವೇರಿಗೆ ಇದು ಏನೂ ಅಲ್ಲ.

ತೊಂದರೆ ಬೇರೆ ಇದೆ. ಹುಬ್ಬಳ್ಳಿಯಲ್ಲಿ ಕರೆಂಟ್ ಹೋದರೆ ಬೆಂಗಳೂರಿನ ಕಮಿಟ್‌ಗಳೂ ಕಾಯುತ್ತಾ ನಿಲ್ಲುತ್ತವೆ. ಆಫೀಸಿನ ಯುಪಿಎಸ್ ನಂಬಿ ಸಿಂಕ್ರೊನಸ್ ಹಾಕಬೇಡಿ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಸರಿಯಾದ ಡೇಟಾ ಸೆಂಟರಿನಲ್ಲಿ ಜಾಗ ತಗೊಳ್ಳಿ.

ಮೂರನೆಯವರು: ಬೆಂಗಳೂರಿನೊಳಗೇ ಎರಡು ಕಡೆ ಇಡುವ ಯೋಚನೆ ಬಂದರೆ 2022ರ ಸೆಪ್ಟೆಂಬರಿನ ಮಳೆ ನೆನಪು ಮಾಡಿಕೊಳ್ಳಿ. ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ಬಾಗಿಲಲ್ಲಿ ನೀರು ನಿಂತಿತ್ತು.

ನಾನು ಹೇಳಬೇಕಾದ್ದು ಸ್ಲಾಟ್ ಬಗ್ಗೆ. ರೆಪ್ಲಿಕೇಶನ್ ಸ್ಲಾಟ್ (ಎರಡನೇ ಸರ್ವರ್ ಎಲ್ಲಿಯವರೆಗೆ ಪಡೆದಿದೆ ಅಂತ ಮೊದಲನೆಯದು ಇಡುವ ಗುರುತು) ಹಾಕಿದರೆ, ಎರಡನೇ ಸರ್ವರ್ ಆಫ್ ಇದ್ದಷ್ಟು ಹೊತ್ತೂ ಮೊದಲನೆಯದು ಡಬ್ಲ್ಯೂಎಎಲ್ ಫೈಲುಗಳನ್ನು (ಪ್ರತಿ ಬದಲಾವಣೆಯ ದಾಖಲೆ) ಕೂಡಿಡುತ್ತಾ ಹೋಗುತ್ತದೆ. ಡಿಸ್ಕ್ ತುಂಬಿದರೆ ಚೆನ್ನಾಗಿದ್ದ ಸರ್ವರೂ ಮಲಗುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ಮಿತಿ ಹಾಕಬಹುದು, ಹಾಕಿ. ಮಿತಿ ದಾಟಿದರೆ ಎರಡನೆಯದನ್ನು ಹೊಸದಾಗಿ ಕಟ್ಟಬೇಕಾಗುತ್ತದೆ, ಅದು ಪರವಾಗಿಲ್ಲ.

ಬದಲಾದ ಮೇಲೆ ಆಪ್‌ಗಳು ಹೊಸ ಸರ್ವರಿಗೆ ಹೋಗಬೇಕಲ್ಲ? ಡಿಎನ್‌ಎಸ್ ಟಿಟಿಎಲ್ (ಸರ್ವರ್ ಹೆಸರಿನ ವಿಳಾಸವನ್ನು ನೆನಪಿಡುವ ಅವಧಿ) ಕಡಿಮೆ ಮಾಡಿದರೂ ಕನೆಕ್ಷನ್ ಪೂಲ್‌ಗಳು (ಆಪ್ ತೆರೆದಿಟ್ಟುಕೊಂಡ ಸಂಪರ್ಕಗಳು) ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುತ್ತವೆ. ನಿಮ್ಮ ಡ್ರೈವರಿಗೆ (ಆಪನ್ನು ಡೇಟಾಬೇಸಿಗೆ ಜೋಡಿಸುವ ಸಾಫ್ಟ್‌ವೇರ್) ಬರುವುದಾದರೆ ಕನೆಕ್ಷನ್ ಸ್ಟ್ರಿಂಗಿನಲ್ಲೇ (ಸಂಪರ್ಕದ ವಿವರ ಬರೆಯುವ ಸಾಲು) ಎರಡೂ ಹೋಸ್ಟ್ ಕೊಟ್ಟು, ಬರೆಯಲು ಬಿಡುವುದನ್ನೇ ಆರಿಸು ಅಂತ ಹೇಳಿ.

ಮೊದಲನೆಯವರು: ಬ್ಯಾಕಪ್ ನಿಲ್ಲಿಸಬೇಡಿ. ಯಾರಾದರೂ ತಪ್ಪಿ ಟೇಬಲ್ ಡ್ರಾಪ್ ಮಾಡಿದರೆ (ಅಳಿಸಿದರೆ) ಅದೂ ನಿಷ್ಠೆಯಿಂದ ಇನ್ನೊಂದು ಊರಿಗೆ ಹೋಗುತ್ತದೆ. ಇನ್ನೊಂದು, ಸ್ಕ್ಯಾನ್ ಮಾಡಿದ ಪಾಸ್‌ಬುಕ್, ಪಹಣಿ ಪಿಡಿಎಫ್‌ಗಳು ಡೇಟಾಬೇಸಿನ ಒಳಗಿವೆಯಾ, ಫೋಲ್ಡರಿನಲ್ಲಿವೆಯಾ? ಫೋಲ್ಡರ್ ಆದರೆ ಅದಕ್ಕೆ ಬೇರೆ ಸಿಂಕ್ ಬೇಕು. ಕ್ರಾನ್ ಕೆಲಸಗಳು (ನಿಗದಿತ ಹೊತ್ತಿಗೆ ತಾನಾಗಿ ಓಡುವವು), ಎಸ್‌ಎಂಎಸ್ ಗೇಟ್‌ವೇಯಲ್ಲಿ ಬರೆಸಿರುವ ಐಪಿ ವಿಳಾಸ ಕೂಡ ನೋಡಿಕೊಳ್ಳಿ. ಎರಡನೇ ಸರ್ವರಿನ ಐಪಿಯನ್ನೂ ಈಗಲೇ ಬರೆಸಿಬಿಡಿ, ಗೇಟ್‌ವೇಯವರು ಅನುಮತಿ ಕೊಡಲು ದಿನಗಟ್ಟಲೆ ತೆಗೆದುಕೊಳ್ಳುತ್ತಾರೆ.