ಎಲೆ ಮಾರಿದ ಕಂಪನಿ, ನಮ್ಮ ತಾತನ ಪ್ರೆಸ್ಸು

ಹೋದ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಸುರೇಶ ಚಿಕ್ಕಪ್ಪ ನಮ್ಮ ಮನೆತನದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಜೋಡಿ ಬಾಣದ ಗುರುತು. ಕೆಳಗೆ ಹೀಗಿತ್ತು:

"ಮಕ್ಕಳ ಕೈಗೆ ಗೇಮ್ ಕೊಡುವ ಮುಂಚೆ ಓದಿ!! ಮಾರಿಯೊ ಗೇಮ್ ಮಾಡಿದ ನಿಂಟೆಂಡೊ ಕಂಪನಿ ಹುಟ್ಟಿದ್ದೇ ಜೂಜಿನಿಂದ. 1889ರಲ್ಲಿ ಜಪಾನಿನ ರೌಡಿಗಳು ಕಟ್ಟಿದ್ದು. ಇಸ್ಪೀಟು ಮಾರಿ, ಟ್ಯಾಕ್ಸಿ ಓಡಿಸಿ, ದಿಢೀರ್ ಅನ್ನ ಮಾರಿ ಸೋತು, ಕೊನೆಗೆ ಮಕ್ಕಳ ತಲೆಗೆ ಕೈ ಹಾಕಿದರು. ಮೊಮ್ಮಗ ಯಜಮಾನ ಆದ ಕೂಡಲೇ ದಾಯಾದಿಯನ್ನು ಹೊರಗೆ ಹಾಕಿದ. ಎಲ್ಲ ತಂದೆತಾಯಿಗಳಿಗೂ ಕಳಿಸಿ."

ಅದರ ಕೆಳಗೆ ಚಿಕ್ಕಪ್ಪನದೇ ಒಂದು ಸಾಲು: "ನಮ್ಮ ಆದಿ ಮೂರು ಹೊತ್ತೂ ಅದನ್ನೇ ಹಿಡಿದು ಕೂತಿರ್ತಾನೆ. ನಾನು ಹೇಳಿದರೆ ಮನೆಯಲ್ಲಿ ಯಾರೂ ಕೇಳಲ್ಲ."

ಆದಿ ಅವರ ಮೊಮ್ಮಗ, ಒಂಬತ್ತು ವರ್ಷ. ಚಿಕ್ಕಪ್ಪನ ಆತಂಕ ನಿಜವಾದದ್ದು. ಆದರೆ ಆ ಮೆಸೇಜನ್ನು ಅವರು ಪೂರ್ತಿ ಓದಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಓದಿದ್ದರೆ ದಾಯಾದಿಯ ಸಾಲು ಇರುವುದನ್ನು ನಮ್ಮ ಗುಂಪಿಗೆ ಹಾಕುತ್ತಿರಲಿಲ್ಲ.

ಮೊದಲು ಬಂದವರು ದೊಡ್ಡಪ್ಪ. "ಜೂಜಿನಿಂದ ಉದ್ಧಾರ ಆದವರು ಯಾರಿದ್ದಾರೆ? ಧರ್ಮರಾಯನಂಥವನೇ ಹೆಂಡತಿಯನ್ನು ಪಣಕ್ಕಿಟ್ಟು ಕೂತ. ದುಡಿದ ಅನ್ನ ಮಾತ್ರ ಮೈಗೆ ಹತ್ತುತ್ತೆ. ಮಕ್ಕಳಿಗೆ ಇದನ್ನು ಹೇಳಿಕೊಡಿ."

ಅನು ಕೇಳಿದಳು: "ಯುಗಾದಿ ದಿನ ಊಟ ಆದಮೇಲೆ ಜಮಖಾನೆ ಹಾಸಿ ಇಸ್ಪೀಟು ಕಲೆಸೋದು ಯಾರು ದೊಡ್ಡಪ್ಪ? ಅದಿರಲಿ. ಚಿಕ್ಕಪ್ಪ, ಇದರ ಮೂಲ ಎಲ್ಲಿ? ಯಾವ ಪುಸ್ತಕ, ಯಾವ ಪತ್ರಿಕೆ?"

"ನಿನಗೆ ಎಲ್ಲದಕ್ಕೂ ಮೂಲ ಬೇಕು. ಕಷಾಯದ ಮೆಸೇಜ್ ಹಾಕಿದಾಗಲೂ ಹೀಗೇ ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದಿದ್ದೆ."

ಕಷಾಯದ ಜಗಳ ಕೊರೋನಾ ಕಾಲದ್ದು. ಅದು ಮತ್ತೆ ಎದ್ದು ಕೂತಿತು. ಇಪ್ಪತ್ತು ನಿಮಿಷ ಅದೇ ನಡೆಯಿತು.

ನಾನು ಈ ಕಂಪನಿಯ ಕತೆಯನ್ನು ಹತ್ತು ವರ್ಷದಿಂದ ಹುಡುಕಿ ಓದುತ್ತಾ ಬಂದವನು. ಅರ್ಧ ನಿಜ, ಅರ್ಧ ಸುಳ್ಳು ಕಲೆಸಿದ್ದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ. ತಿಂಡಿ ಬಿಟ್ಟು ಟೈಪ್ ಮಾಡಿದೆ.

1889 ಸರಿ. ಊರು ಕ್ಯೋಟೋ. ಶುರು ಮಾಡಿದವರ ಹೆಸರು ಫುಸಾಜಿರೋ ಯಮಾವುಚಿ. ಅವರು ರೌಡಿಯಲ್ಲ, ಇಸ್ಪೀಟಿನಂಥ ಆಟದ ಎಲೆ ಮಾಡುವ ಕಸುಬುದಾರ. ಆ ಎಲೆಗಳಿಗೆ ಹನಾಫುದಾ ಅಂತ ಹೆಸರು, ಅಂದರೆ ಹೂವಿನ ಎಲೆ. ಒಂದು ಕಟ್ಟಿಗೆ 48. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡ, ಒಂದೊಂದಕ್ಕೂ ನಾಲ್ಕು ಎಲೆ. ಜನವರಿಗೆ ಪೈನ್ ಮರ ಮತ್ತು ಕೊಕ್ಕರೆ, ಮಾರ್ಚಿಗೆ ಚೆರ್ರಿ ಹೂವು, ಆಗಸ್ಟಿಗೆ ಹುಲ್ಲುಗುಡ್ಡದ ಮೇಲೆ ಹುಣ್ಣಿಮೆ ಚಂದ್ರ. ಮೇಲೆ ಅಂಕಿ ಇಲ್ಲ. ಗಾತ್ರ ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು, ಆದರೆ ರಟ್ಟು ದಪ್ಪ. ನೆಲಕ್ಕೆ ಹಾಕಿದರೆ ಟಪ್ ಅಂತ ಸದ್ದು ಬರುತ್ತೆ. ನಮ್ಮ ಮೈಸೂರಿನ ಗಂಜೀಫಾ ಎಲೆ ನೋಡಿದವರಿಗೆ ಇದರ ಚಂದ ಬೇಗ ಹಿಡಿಸುತ್ತೆ.

ಜಪಾನಿನಲ್ಲಿ ಜೂಜಿನ ಕಾರಣಕ್ಕೆ ಎಲೆಗಳನ್ನು ಮತ್ತೆ ಮತ್ತೆ ನಿಷೇಧ ಮಾಡುತ್ತಿದ್ದರು. ಯಮಾವುಚಿ ಅಂಗಡಿ ತೆರೆಯುವ ಹೊತ್ತಿಗೆ ಆ ಬಿಗಿ ಸಡಿಲವಾಗಿತ್ತು. ಜೂಜುಕೋರರು ಅವರ ಗಿರಾಕಿಗಳಾಗಿದ್ದು ಹೌದು. ಪ್ರತಿ ಆಟಕ್ಕೂ ಹೊಸ ಕಟ್ಟು ಬೇಕಿದ್ದರಿಂದ ವ್ಯಾಪಾರವೂ ಚೆನ್ನಾಗಿತ್ತು. ಗಿರಾಕಿ ಜೂಜುಕೋರ ಅಂದಮಾತ್ರಕ್ಕೆ ಅಂಗಡಿಯವನು ರೌಡಿ ಆಗುವುದಿಲ್ಲ. ಟ್ಯಾಕ್ಸಿ, ಅನ್ನ ಎಲ್ಲ ಬಂದಿದ್ದು 1960ರ ದಶಕದಲ್ಲಿ, ಫುಸಾಜಿರೋ ಅವರ ಮರಿಮೊಮ್ಮಗನ ಕಾಲಕ್ಕೆ.

ಇಷ್ಟು ಕಳಿಸಿದೆ. ನೀಲಿ ಟಿಕ್ ಬಂತು. ಅನು ಒಂದು ಹೆಬ್ಬೆರಳು ಒತ್ತಿದಳು. ಉಳಿದವರು ಓದಿದರೋ ಇಲ್ಲವೋ, ಯಾಕಂದರೆ ಅಷ್ಟರಲ್ಲಿ ಶಿವಮೊಗ್ಗದಿಂದ ರವಿ ಬಂದ.

"ಲೋ, ಮಾರಿಯೊ ಅಂದರೆ ನಿಂಟೆಂಡೊನಾ?! ದೊಡ್ಡ ರಜೆಯಲ್ಲಿ ಅಪ್ಪ ಬೆಂಗಳೂರಿನಿಂದ ಟಿವಿ ಗೇಮ್ ತಂದಿದ್ದರಲ್ಲ, ಅದು? ಹಳದಿ ಕ್ಯಾಸೆಟ್ಟು? ಆನ್ ಆಗದಿದ್ದರೆ ತೆಗೆದು ಉಫ್ ಅಂತ ಊದೋದು? ಕರೆಂಟ್ ಹೋದರೆ ಎಲ್ಲ ಮೊದಲಿಂದ! ಕಾಂಟ್ರಾದಲ್ಲಿ ನಾನು ಅನು ಒಟ್ಟಿಗೆ ಆಡುತ್ತಿದ್ದೆವು, ಅವಳು ನನ್ನ ಜೀವ ಎಲ್ಲ ಕದಿಯುತ್ತಿದ್ದಳು."

"ಕಾಂಟ್ರಾ ನಿಂಟೆಂಡೊದ್ದಲ್ಲ, ಕೊನಾಮಿಯದ್ದು. ಜೀವ ನಾನು ಕದ್ದಿಲ್ಲ, ನೀನೇ ಗುಂಡಿಗೆ ಬೀಳುತ್ತಿದ್ದೆ" ಅಂತ ಅನು.

ರವಿ ಆಡಿದ ಪೆಟ್ಟಿಗೆ ನಿಂಟೆಂಡೊದ ನಕಲು. ಅಸಲಿನ ಹೆಸರು ಫ್ಯಾಮಿಕಾಮ್. 1983ರ ಜುಲೈ 15ರಂದು ಜಪಾನಿನಲ್ಲಿ ಬಂದಿದ್ದು. ನಮ್ಮ ಕಡೆ ಬಹಳ ಮನೆಗಳಿಗೆ ಬಂದಿದ್ದು ಅದರ ನಕಲುಗಳೇ. ಒಂದು ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟ ಅಂತ ಬರೆದು, ಒಳಗೆ ಅದೇ ಏಳೆಂಟು ಆಟ ತಿರುಗಿ ತಿರುಗಿ ಬರುತ್ತಿತ್ತು. ಇದನ್ನು ಹೇಳಿದ್ದಕ್ಕೆ ರವಿಗೆ ಬೇಜಾರಾಯಿತು. "ನಮ್ಮಪ್ಪ ನಕಲಿ ಮಾಲು ತಂದರು ಅಂತೀಯಾ?" ಅಂದ. ಹಾಗಲ್ಲ ಕಣೋ ಅಂತ ಸಮಾಧಾನ ಮಾಡುವಷ್ಟರಲ್ಲಿ ಅವರ ಮನೆಯ ಕಪ್ಪುಬಿಳುಪು ಟಿವಿಯ ಫೋಟೊ, ಅದರ ಮೇಲೆ ಹೊದಿಸಿದ ಕ್ರೋಷಾ ಬಟ್ಟೆ, ಅದನ್ನು ಹೆಣೆದ ಅಜ್ಜಿ, ಅಜ್ಜಿಯ ಕೋಡುಬಳೆ ಎಲ್ಲ ಬಂದುಹೋದವು.

ಹನ್ನೊಂದು ಗಂಟೆಗೆ ಲಕ್ಷ್ಮಿ ಅತ್ತೆ ಬಂದರು. ಅವರು ಟೈಪ್ ಮಾಡುವುದಿಲ್ಲ, ವಾಯ್ಸ್ ಕಳಿಸುತ್ತಾರೆ. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಮೇಲೆ ಹಾಕಿದ್ದೀಯಲ್ಲ ಸುರೇಶ, ದಾಯಾದಿಯನ್ನು ಹೊರಗೆ ಹಾಕಿದ ಅಂತ. ಅದು ನಿಜಾನಾ? ನಿಜ ಆದರೆ ಜಪಾನಿಗೆ ಯಾಕೆ ಹೋಗಬೇಕು? ನಮ್ಮ ಮನೆಯಲ್ಲೇ ಆಗಿದೆ."

ನನ್ನ ಎದೆ ಧಸಕ್ಕೆಂದಿತು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ತಾತನದು ಒಂದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ. 1976ರಲ್ಲಿ ತಾತನಿಗೆ ಲಕ್ವ ಹೊಡೆಯಿತು. ದೊಡ್ಡಪ್ಪ ಕಾಲೇಜು ಬಿಟ್ಟು ಬಂದು ಗಲ್ಲಾದ ಹಿಂದೆ ಕೂತರು. ಅಷ್ಟು ಹೊತ್ತಿಗಾಗಲೇ ಪುಟ್ಟಣ್ಣ ಚಿಕ್ಕಪ್ಪ, ತಾತನ ತಮ್ಮನ ಮಗ, ಅಲ್ಲಿ ಐದು ವರ್ಷದಿಂದ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದರು. ಟ್ರೆಡಲ್ ಮಷಿನ್ ಕೆಟ್ಟರೆ ರಿಪೇರಿಯೂ ಅವರದೇ. 1991ರಲ್ಲಿ ಆಫ್‌ಸೆಟ್ ಮಷಿನ್ ಬಂತು. ಮೊಳೆಗೆ ಕೆಲಸ ಇಲ್ಲವಾಯಿತು. ದೊಡ್ಡಪ್ಪ ಅವರಿಗೆ ನಾಳೆಯಿಂದ ಬರಬೇಡ ಅಂದರು. ಆ ಸಂಜೆ ನಾನು ಪ್ರೆಸ್‌ನಲ್ಲಿದ್ದೆ, ಎಂಟು ವರ್ಷ. ಪುಟ್ಟಣ್ಣ ಚಿಕ್ಕಪ್ಪ ಸೀಮೆಎಣ್ಣೆಯಲ್ಲಿ ಕೈಯ ಮಸಿ ತೊಳೆಯುತ್ತಾ ನಿಂತಿದ್ದರು. ಬೆರಳುಗಳ ಸಂದಿಯಿಂದ ಮಸಿ ಹೋಗುವವರೆಗೂ ತೊಳೆದರು. ದಿನವೂ ಅಷ್ಟು ತೊಳೆಯುತ್ತಿರಲಿಲ್ಲ.

ಅವರ ಮಗ ಹೋದ ವರ್ಷ ಅವರನ್ನು ಈ ಗುಂಪಿಗೆ ಸೇರಿಸಿದ್ದ. ಆ ದಿನದವರೆಗೂ ಒಂದು ಮಾತು ಬರೆದಿರಲಿಲ್ಲ.

ಅತ್ತೆ ಕೇಳಿದ್ದು ನಿಜವೇ. 1949ರಲ್ಲಿ ಯಮಾವುಚಿ ಮನೆಯ ತಾತನಿಗೂ, ಅಂದರೆ ಆಗ ಕಂಪನಿ ನಡೆಸುತ್ತಿದ್ದ ಫುಸಾಜಿರೋ ಅವರ ಅಳಿಯನಿಗೆ, ಪಾರ್ಶ್ವವಾಯು ಹೊಡೆಯಿತು. ಮೊಮ್ಮಗ ಹಿರೋಶಿ ಆಗ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ, ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಓದು ಬಿಟ್ಟು ಬಂದ. ಬರುವುದಕ್ಕೆ ಒಂದು ಷರತ್ತು ಹಾಕಿದ: ಕಂಪನಿಯಲ್ಲಿ ಮನೆಯವರು ಅಂತ ನಾನೊಬ್ಬನೇ ಇರಬೇಕು. ಅಲ್ಲಿ ಕೆಲಸ ಮಾಡುತ್ತಿದ್ದ ದಾಯಾದಿ ಅಣ್ಣನನ್ನು ತೆಗೆದರು.

ನಾನು ಇದನ್ನು ಬರೆಯಲೋ ಬೇಡವೋ ಅಂತ ತುಂಬಾ ಹೊತ್ತು ಯೋಚಿಸಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು ಅತ್ತೆ, ಅದು ನಿಜ" ಅಂದೆ.

ದೊಡ್ಡಪ್ಪ ಕೂಡಲೇ ಬರೆದರು: "ಒಂದು ಒರೆಯಲ್ಲಿ ಎರಡು ಕತ್ತಿ ಇರೋಕಾಗಲ್ಲ. ಆ ಹುಡುಗ ಮಾಡಿದ್ದರಲ್ಲಿ ತಪ್ಪೇನಿದೆ? ಮುಂದೆ ಕಂಪನಿ ಬೆಳೆಯಿತಲ್ಲ?"

ಬೆಳಿಗ್ಗೆ ಜೂಜಿನ ಕಂಪನಿ ಅಂದವರು ಈಗ ಅದರ ಪರ ನಿಂತಿದ್ದರು. ಅದನ್ನು ಯಾರೂ ಎತ್ತಿ ತೋರಿಸಲಿಲ್ಲ. ಎಲ್ಲರಿಗೂ ಮಾತು ಎಲ್ಲಿಗೆ ಹೋಗಿದೆ ಅಂತ ಗೊತ್ತಾಗಿತ್ತು.

ಕಂಪನಿ ಬೆಳೆದಿದ್ದು ಹೇಗೆ ಅಂತ ನಾನು ಬರೆದೆ. ದೊಡ್ಡಪ್ಪನಿಗೆ ಎದುರು ಹೇಳಬೇಕು ಅಂತಲ್ಲ. ಅದು ಹೇಳಬೇಕಾದ ಮಾತಾಗಿತ್ತು.

1965ರಲ್ಲಿ ಗುನ್‌ಪೇ ಯೊಕೊಯಿ ಎಂಬುವರು ಅಲ್ಲಿ ಕೆಲಸಕ್ಕೆ ಸೇರಿದರು. ಎಲೆ ಮಾಡುವ ಮಷಿನ್‌ಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಬಿಡುವಿನಲ್ಲಿ ಅವರು ಒಂದು ಆಟಿಕೆ ಮಾಡಿಕೊಂಡರು. ಕತ್ತರಿಯಂತೆ ಅಡ್ಡಡ್ಡ ಜೋಡಿಸಿದ ಪಟ್ಟಿಗಳು, ಹಿಡಿ ಒತ್ತಿದರೆ ಮುಂದಕ್ಕೆ ಚಾಚಿ ದೂರದ ವಸ್ತು ಹಿಡಿಯುವ ಕೈ. ಹಿರೋಶಿ ಅದನ್ನು ನೋಡಿದರು. ಕೆಲಸದ ಹೊತ್ತಿನಲ್ಲಿ ಆಟ ಯಾಕೆ ಅಂತ ಬೈದು ಕಳಿಸಬಹುದಿತ್ತು. ಬದಲಿಗೆ ಇದನ್ನೇ ಮಾರಾಟಕ್ಕೆ ತಯಾರು ಮಾಡು ಅಂದರು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಅಂತ ಅದು ಅಂಗಡಿಗೆ ಬಂತು. ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಅದೇ ಯೊಕೊಯಿ ಮುಂದೆ 1980ರಲ್ಲಿ ಗೇಮ್ ಅಂಡ್ ವಾಚ್ ಎಂಬ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ ಮಾಡಿದರು. 1989ರ ಗೇಮ್ ಬಾಯ್ ಕೂಡ ಅವರ ತಂಡದ್ದೇ. ಹೊಸ ದುಬಾರಿ ತಂತ್ರಜ್ಞಾನದ ಹಿಂದೆ ಬೀಳಬೇಡ, ಹಳೆಯದಾಗಿ ಅಗ್ಗವಾಗಿದ್ದನ್ನು ಹೊಸ ಕಡೆ ಬಳಸು ಅನ್ನುವುದು ಅವರು ನಂಬಿದ್ದ ದಾರಿ.

ಲಕ್ಷ್ಮಿ ಅತ್ತೆಯ ಎರಡನೇ ವಾಯ್ಸ್ ಬರೀ ಹತ್ತು ಸೆಕೆಂಡು. "ನಮ್ಮ ಪ್ರೆಸ್‌ನಲ್ಲೂ ಮಷಿನ್ ನೋಡಿಕೊಳ್ಳುವವನು ಒಬ್ಬ ಇದ್ದ. ಆಫ್‌ಸೆಟ್ ಕಲಿತುಕೊಳ್ಳುತ್ತೀನಿ ಅಂತ ಕೇಳಿದ್ದ ಅವನು."

ಆಮೇಲೆ ಮಾತು ಕೆಟ್ಟಿತು. ಯಾರು ಯಾರಿಗೆ ಪಾಲು ಕೊಟ್ಟರು, ಯಾರ ಮದುವೆಗೆ ಪ್ರೆಸ್‌ನ ದುಡ್ಡು ಹೋಯಿತು, ತಾತನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡವರು ಯಾರು. ಸುರೇಶ ಚಿಕ್ಕಪ್ಪ "ನಾನು ಗೇಮ್ ಬಗ್ಗೆ ಹಾಕಿದ್ದು, ದಯವಿಟ್ಟು ವಿಷಯಕ್ಕೆ ಬನ್ನಿ" ಅಂತ ಮೂರು ಸಲ ಬರೆದರು. ರವಿ ತಿಳಿಯದೆ ಮಧ್ಯೆ ಮಾರಿಯೊ ಹಾಡಿನ ಆಡಿಯೊ ಹಾಕಿ, ಆಮೇಲೆ ಅಳಿಸಿದ. ದೊಡ್ಡಪ್ಪ ಎರಡು ಗಂಟೆಗೆ "ಸಾಲ ತೀರಿಸಿದವನು ನಾನು" ಅಂತ ಬರೆದು ಸುಮ್ಮನಾದರು. ಅದೂ ನಿಜ. ಆಫ್‌ಸೆಟ್ ಮಷಿನ್‌ನ ಸಾಲಕ್ಕೆ ಅವರು ಮನೆ ಅಡವಿಟ್ಟಿದ್ದರು.

ಸಂಜೆ ಅನು ಇನ್ನೊಂದು ಫಾರ್ವರ್ಡ್ ಹುಡುಕಿ ತಂದಳು, ಗಾಳಿ ತಿಳಿಯಾಗಲಿ ಅಂತ ಇರಬೇಕು. ನಿಂಟೆಂಡೊದ ಮುಖ್ಯಸ್ಥರಾಗಿದ್ದ ಸತೊರು ಇವಾತಾ ನಷ್ಟದ ಕಾಲದಲ್ಲಿ ತನ್ನ ಸಂಬಳ ಅರ್ಧ ಮಾಡಿಕೊಂಡು, ಒಬ್ಬ ನೌಕರನನ್ನೂ ತೆಗೆಯಲಿಲ್ಲ ಅಂತ. ಸಂಬಳದ ಮಾತು ನಿಜ. ವೀ ಯು ಎಂಬ ಅವರ ಗೇಮ್ ಯಂತ್ರ ಮಾರಾಟವಾಗದೆ ಬಿದ್ದಾಗ, 2014ರಲ್ಲಿ ಐದು ತಿಂಗಳು ಅವರು ಅರ್ಧ ಸಂಬಳ ತೆಗೆದುಕೊಂಡರು. ಕೆಲಸ ಹೋದೀತು ಅಂತ ಹೆದರಿಕೊಂಡು ಕೂತವರಿಂದ ಜನರ ಮನಸ್ಸು ಗೆಲ್ಲುವ ಆಟ ಬರುವುದಿಲ್ಲ ಅನ್ನುವ ಅರ್ಥದ ಮಾತನ್ನೂ ಅವರು ಷೇರುದಾರರ ಮುಂದೆ ಹೇಳಿದ್ದರು. ಆದರೆ ಅದೇ ವರ್ಷ ಅವರ ಯುರೋಪಿನ ಶಾಖೆಯಲ್ಲಿ ಕೆಲಸ ಕಳೆದುಕೊಂಡವರಿದ್ದಾರೆ. "ಒಬ್ಬರನ್ನೂ" ಅನ್ನುವುದು ತಪ್ಪು. ಇದನ್ನು ಬರೆದಾಗ ಅನು "ಮೂಲ ಕೇಳುವ ನಾನೇ ನೋಡದೆ ಹಾಕಿದೆ, ಕ್ಷಮಿಸಿ ಎಲ್ಲರೂ" ಅಂದಳು. ಸುರೇಶ ಚಿಕ್ಕಪ್ಪ ಅದಕ್ಕೆ ಏನೂ ಅನ್ನಲಿಲ್ಲ. ಅವರಿಗೆ ಅವಕಾಶ ಇತ್ತು. ಅನ್ನಲಿಲ್ಲ.

ರಾತ್ರಿ ಒಂಬತ್ತೂವರೆಗೆ ಪುಟ್ಟಣ್ಣ ಚಿಕ್ಕಪ್ಪನ ಹೆಸರು ಮೇಲೆ ಬಂತು. ಟೈಪಿಂಗ್, ಟೈಪಿಂಗ್. ಅವರಿಗೆ ಫೋನಿನಲ್ಲಿ ಅಕ್ಷರ ಹುಡುಕುವುದು ಕಷ್ಟ. ಒಂದು ಕಾಲಕ್ಕೆ ಮೊಳೆಯ ಡಬ್ಬಿಯಿಂದ ಕಣ್ಣು ಮುಚ್ಚಿ ಒತ್ತಕ್ಷರ ತೆಗೆಯುತ್ತಿದ್ದ ಕೈ ಅದು.

"ಆ ಹೂವಿನ ಎಲೆ ಈಗಲೂ ಮಾಡ್ತಾರಾ?"

ಹೌದು ಚಿಕ್ಕಪ್ಪ, ಅಂದೆ. ಇಷ್ಟು ದೊಡ್ಡ ಕಂಪನಿ ಆದಮೇಲೂ ನಿಲ್ಲಿಸಿಲ್ಲ. ಕ್ಯೋಟೋ ಪಕ್ಕದ ಉಜಿಯಲ್ಲಿ ಅವರ ಹಳೆಯ ಕಾರ್ಖಾನೆಯನ್ನೇ 2024ರಲ್ಲಿ ಮ್ಯೂಸಿಯಂ ಮಾಡಿದ್ದಾರೆ, ಅಲ್ಲಿ ಬಂದವರು ಕೈಯಾರೆ ಆ ಎಲೆ ಮಾಡಬಹುದು. ಹಳೆಯ ಕಚೇರಿ ಈಗ ಹೋಟೆಲ್ ಆಗಿದೆ. ಬಾಗಿಲ ಪಕ್ಕದಲ್ಲಿ ಎಲೆ ಕಂಪನಿ ಅಂತ ಇದ್ದ ಹಳೆಯ ಫಲಕವನ್ನು ತೆಗೆದಿಲ್ಲ.

"ಒಳ್ಳೇದು" ಅಂತ ಬರೆದರು. ಮತ್ತೆ ಟೈಪಿಂಗ್.

"ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ ಲಕ್ಷ್ಮಿ. ಸಾಲ ಎಷ್ಟಿತ್ತು ಅಂತ ನನಗೂ ಗೊತ್ತಿತ್ತು. ಬೇಡ ಅಂದಮೇಲೆ ಒಂದು ಸಲ ಮನೆಗೆ ಬಂದು ಹೇಳಬಹುದಿತ್ತು, ಅಷ್ಟೇ."

ಹದಿನಾಲ್ಕು ಜನ ಓದಿದರು. ಯಾರೂ ಏನೂ ಹಾಕಲಿಲ್ಲ, ಕೈ ಮುಗಿಯುವ ಚಿತ್ರ ಕೂಡ. ಹತ್ತು ನಿಮಿಷ ಆದಮೇಲೆ ದೊಡ್ಡಪ್ಪನ ಹೆಸರು ಬಂತು.

"ಪುಟ್ಟಾ, ಮಲಗಿಬಿಟ್ಟೆಯಾ? ಫೋನ್ ಮಾಡಲಾ?"

"ಮಾಡು ಅಣ್ಣ. ಎದ್ದೇ ಇದ್ದೀನಿ."